ಇಬ್ಬರು ಹಿರೇ ಗುಗ್ಗರಿಯವರು

ಕಪ್ಪತಗುಡ್ಡ ಇನ್ನೂ ಮೊಣಕಾಲೆತ್ತರವಿದ್ದಾಗ, ತುಂಗಭದ್ರೆ ಯಾವ ಕಡೆ ಹರಿಯಲಿ ಎಂದು ಇನ್ನೂ ಯೋಚಿಸುತ್ತ ಕೂತಿದ್ದಾಗ, ಕಪ್ಪು ಮಣ್ಣಿನ ಎರಿಹೊಲದ ನಡುವೆ ಒಬ್ಬ ರೈತನಿದ್ದ. ಅವನಿಗೆ ಇಬ್ಬರು ಗಂಡುಮಕ್ಕಳು. ಒಂದು ದಿನ ರೈತ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದಾಗ ಅವನ ಹೆಂಡತಿ ಜೋಳ, ಕಡಲೆ, ಮಡಕಿಕಾಳು ಕೂಡಿಸಿ, ಉಪ್ಪು ಅರಿಸಿನ ಹಾಕಿ ಒಂದು ಗಡಿಗೆ ಗುಗ್ಗರಿ ಕುದಿಸಿದಳು. "ಆರೂದರಾಗ ನಿಮ್ಮಪ್ಪಗ ಮುಟ್ಟಸ್ರಿ" ಎಂದು ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿದಳು.

ದಾರಿಯಲ್ಲಿ ಇರುವೆಗಳ ಸಾಲು ಅಡ್ಡ ಬಂತು. ಒಬ್ಬ ಮಗ, ಇವು ಎಲ್ಲಿಗೆ ಹೋಗುತ್ತವೆ ನೋಡಬೇಕೆಂದು ಸಾಲಿನ ಹಿಂದೆ ಬಗ್ಗಿಕೊಂಡು ಹೋದ. ಇನ್ನೊಬ್ಬ, ಇದಕ್ಕೆ ಯಾವ ಊರಿನವರು ಏನನ್ನುತ್ತಾರೆ ಎಂದು ದಾರಿಹೋಕರನ್ನೆಲ್ಲ ನಿಲ್ಲಿಸಿ ಕೇಳುತ್ತ ಕೂತ. ಸಂಜೆಯಾಯಿತು. ಗುಗ್ಗರಿ ಆರಿ ಕಲ್ಲಾಯಿತು. ಹಸಿದ ಅಪ್ಪ ತಾನೇ ಹುಡುಕಿಕೊಂಡು ಬಂದ, ನೋಡಿದ, ಶಾಪ ಕೊಟ್ಟ: "ನಿಮ್ಮ ವಂಶದಾಗ ಒಬ್ಬಗ ಹುಳ ಸಿಗಲಿ, ಅದರ ಹೆಸರು ಸಿಗಬಾರದು. ಒಬ್ಬಗ ಹೆಸರು ಸಿಗಲಿ, ಹುಳ ಸಿಗಬಾರದು. ಇಬ್ಬರೂ ಒಂದ ಗಂಗಾಳದಾಗ ಕೈ ಹಾಕಿ ಗುಗ್ಗರಿ ತಿನ್ನೂತನಕ ಈ ಶಾಪ ಬಿಡೂದಿಲ್ಲ."

ಅಂದಿನಿಂದ ನಮ್ಮ ಮನೆತನದ ಹೆಸರು ಗುಗ್ಗರಿ.

ಈ ಕತೆಯನ್ನು ಹೇಳಿದವಳು ನನ್ನ ಅಪ್ಪನ ತಾಯಿ ಅನ್ನಪೂರ್ಣವ್ವ. ನಾವು ಅಜ್ಜಿಗೆ ಅಮ್ಮ ಅನ್ನುವವರು. ಕತೆ ಮುಗಿದ ಮೇಲೆ ಪ್ರತಿ ಸಲವೂ ನಾನು, "ಆಮ್ಯಾಲ? ತಿಂದ್ರೇನು?" ಎಂದು ಕೇಳುತ್ತಿದ್ದೆ.

"ಇನ್ನೂ ಇಲ್ಲ. ತಿನಸ್ತೀನಿ. ನಾ ಕಣ್ಣು ಮುಚ್ಚೂದರಾಗ ತಿನಸ್ತೀನಿ ಅಂತ ನಿನಗ ಮಾತು ಕೊಟ್ಟೇನಲ್ಲ, ಕಸ್ತೂರಿ?"

ಈ ಕತೆ ಗುಡ್ಡದಷ್ಟೇ ಹಳೆಯದು ಎಂದು ಅಮ್ಮ ಆಣೆ ಮಾಡಿ ಹೇಳುತ್ತಿದ್ದಳು. ಆದರೆ ೧೯೪೫ಕ್ಕಿಂತ ಮೊದಲು ಅದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಆ ವರ್ಷ ನನಗೆ ಹತ್ತು ತುಂಬಿತ್ತು. ಅಪ್ಪ ಅವ್ವ ಅಂತೂರ ಬೆಂತೂರದ ಹೊಲ ನೋಡಿಕೊಂಡಿದ್ದರು. ನಾನು ಶಾಲೆಗೆಂದು ಗದಗಕ್ಕೆ ಅಂಟಿದ ಬೆಟಗೇರಿಯಲ್ಲಿ ಅಮ್ಮನ ಹತ್ತಿರ ಇದ್ದೆ. ಅಜ್ಜ ತೀರಿಕೊಂಡು ಮೂರು ತಿಂಗಳಾಗಿತ್ತು. ಸುಗ್ಗಿ ಮುಗಿದ ಮೇಲೆ ಹೆಳವ ಹುಲಗಪ್ಪ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದ. ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಟ್ಟುಕೊಂಡು, ಮೂರು ನಾಲ್ಕು ವರ್ಷಕ್ಕೊಮ್ಮೆ ಮನೆಯೆದುರು ಕೂತು ಓದಿ ಹೇಳುವವನು ಅವನು. ನಾವು ಯಾರು ಎಂಬುದು ನಮಗಿಂತ ಅವನಿಗೇ ಚೆನ್ನಾಗಿ ಗೊತ್ತು.

ಗುಗ್ಗರಿಯವರಲ್ಲಿ ಒಂದು ರೂಢಿ. ಹೆಳವ ಪುಸ್ತಕ ತೆರೆಯುವ ಮೊದಲು ಮನೆತನದ ಹಿರಿತಲೆಯ ಗಂಡಸರೆಲ್ಲ ಒಂದೇ ಕಂಬಳಿಯ ಮೇಲೆ ಕೂತು ಒಂದೇ ಗಂಗಾಳದಿಂದ ಗುಗ್ಗರಿ ತಿನ್ನಬೇಕು. ಓದುವಾಗ ಯಾರಾದರೂ ನಡುವೆ ಎದ್ದು ಹೋದರೆ ಪುಸ್ತಕ ಮುಚ್ಚಬೇಕು. ಎದ್ದವನು ಮರಳಿ ಬಂದು ಗಂಗಾಳದಲ್ಲಿ ಕೈಯಿಡುವ ತನಕ ಅದನ್ನು ತೆರೆಯುವಂತಿಲ್ಲ.

ಅಂದು ಕಂಬಳಿಯ ಮೇಲೆ ಅಜ್ಜನಿಗಿಂತ ಮೊದಲೇ ತೀರಿಕೊಂಡ ಅವನ ಇಬ್ಬರು ತಮ್ಮಂದಿರ ಮಕ್ಕಳು ಕೂತಿದ್ದರು. ಇಬ್ಬರೂ ಪ್ಲೇಗಿನ ವರ್ಷ ಒಂದೇ ವಾರದಲ್ಲಿ ಹುಟ್ಟಿದವರು. ಅಪ್ಪನಿಗಿಂತ ಇಬ್ಬರೂ ದೊಡ್ಡವರು, ಆದ್ದರಿಂದ ನನಗೆ ಇಬ್ಬರೂ ದೊಡ್ಡಪ್ಪ. ಒಬ್ಬ ಲಕ್ಷ್ಮೇಶ್ವರದ ಹುಚ್ಚೀರಪ್ಪ ಗುಗ್ಗರಿ. ಹಕ್ಕಿ, ಹುಳು, ಗಿಡಗಳನ್ನು ನೋಡಿ ನೋಡಿ ಬರೆದಿಡುವವನು. ನಮ್ಮ ಸೀಮೆಯಲ್ಲಿ ಆ ಕೆಲಸಕ್ಕೆ ಅವನೇ ಮೊದಲಿಗ. ಮುಂಬಯಿಯ ದೊಡ್ಡ ದೊಡ್ಡವರು ಅವನಿಗೆ ಕಾಗದ ಬರೆಯುತ್ತಿದ್ದರು. ಇನ್ನೊಬ್ಬ ಮುಂಡರಗಿಯ ದ್ಯಾಮಪ್ಪ ಗುಗ್ಗರಿ. ಬಾಳೆಹೊಸೂರ ಮಠದಲ್ಲಿ ಹಳಗನ್ನಡ ಕಲಿತವನು, ಶಬ್ದಗಳನ್ನು ಕೂಡಿಹಾಕುವವನು. ಯಾವ ಅಕ್ಷರ ಹೇಗೆ ಬರೆಯಬೇಕು ಎಂದು ಅವನು ಒಂದು ಮಾತು ಅಂದರೆ ಧಾರವಾಡದ ಮಾಸ್ತರರು ಮೂರು ವರ್ಷ ಅದನ್ನೇ ಹುಡುಗರಿಗೆ ಹೊಡೆದು ಕಲಿಸುತ್ತಿದ್ದರು.

ಹುಲಗಪ್ಪ ಕಣ್ಣು ಮುಚ್ಚಿ ರಾಗವಾಗಿ ಓದತೊಡಗಿದ. "...ಪ್ಲೇಗಿನ ಸಾಲಿನಾಗ ಎರಡು ಗಂಡು. ದ್ಯಾಮಪ್ಪ, ಆತನ ಹಿಂದ ಹುಚ್ಚೀರಪ್ಪ..."

"ನಿಂದ್ರು," ಎಂದ ಹುಚ್ಚೀರಪ್ಪ ದೊಡ್ಡಪ್ಪ. "ಯಾರ ಹಿಂದ ಯಾರು?"

"ಪುಸ್ತಕದಾಗ ಹಂಗೈತ್ರಿ."

"ನಮ್ಮವ್ವ ಸಾಯೂತನಕ ನನ್ನ ಹಿರೇ ಕೂಸು ಅಂತಿದ್ಲು. ನಿನ್ನ ಪುಸ್ತಕ ನಮ್ಮವ್ವಗ ಹಡಸೇತೇನು?"

ದ್ಯಾಮಪ್ಪ ದೊಡ್ಡಪ್ಪ ಮೀಸೆಯೊಳಗೆ ನಕ್ಕ. "ಬರದದ್ದು ಬರದದ್ದು. ಅಣ್ಣನ ಮುಂದ ದನಿ ಏರಸಬಾರದೋ ತಮ್ಮಾ."

ಅಜ್ಜ ಸತ್ತ ಮೇಲೆ ಮನೆತನಕ್ಕೆ ಹಿರಿಯನಾಗಬೇಕಾದವನು ಇವರಿಬ್ಬರಲ್ಲಿ ಒಬ್ಬ. 'ತಮ್ಮಾ' ಎಂಬ ಮಾತು ಬಿದ್ದದ್ದೇ ಹುಚ್ಚೀರಪ್ಪ ದೊಡ್ಡಪ್ಪ ಕಂಬಳಿ ಕೊಡವಿ ಎದ್ದು ಹೋದ. ಹುಲಗಪ್ಪ ಪುಸ್ತಕ ಮುಚ್ಚಿದ. ಒಳಗೆ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿದ್ದಳು. ದುಃಖ ಎಂದುಕೊಂಡೆ. ಅದು ದುಃಖವಲ್ಲ ಎಂದು ತಿಳಿಯಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ಆ ಹನ್ನೊಂದು ವರ್ಷದಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಮುಂಡರಗಿಗೆ ಬಂದದ್ದು ಆಗಸ್ಟ್ ಹದಿನೈದಕ್ಕೇ. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಅಲ್ಲಿ ಸಂಸ್ಥಾನ ವಿಲೀನವಾಗಲು ಮತ್ತೂ ಆರೇಳು ತಿಂಗಳು ಹಿಡಿಯಿತು. "ಸ್ವಾತಂತ್ರ್ಯನೂ ಮೊದಲ ಹಿರ್ಯಾನ ಮನಿಗೇ ಬಂತು ನೋಡು" ಎಂದು ದ್ಯಾಮಪ್ಪ ದೊಡ್ಡಪ್ಪ ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದ್ದು ಹೇಗೋ ಲಕ್ಷ್ಮೇಶ್ವರಕ್ಕೆ ಮುಟ್ಟಿ, ಹುಚ್ಚೀರಪ್ಪ ದೊಡ್ಡಪ್ಪ ಎರಡು ದಿನ ಊಟ ಬಿಟ್ಟನಂತೆ.

ಟಪಾಲಿನದು ಇನ್ನೊಂದು ಗೋಳು. ದೂರದ ಊರಿನವರು 'ಪಂಡಿತ ಗುಗ್ಗರಿಯವರಿಗೆ, ಧಾರವಾಡ ಜಿಲ್ಲೆ' ಎಂದಷ್ಟೇ ಬರೆದು ಹಾಕುತ್ತಿದ್ದರು. ಒಬ್ಬರ ಕಾಗದ ಇನ್ನೊಬ್ಬರಿಗೆ ಹೋಗುತ್ತಿತ್ತು. ಇನ್ನೊಬ್ಬ ಗುಗ್ಗರಿ ಇದ್ದಾನೆ ಎಂದು ಒಪ್ಪಿಕೊಳ್ಳುವುದು ಬೇಡವೆಂದು ಇಬ್ಬರೂ ತಮಗೆ ಬಂದದ್ದಕ್ಕೆಲ್ಲ ತಾವೇ ಉತ್ತರ ಬರೆಯುತ್ತಿದ್ದರು. ಅರಿಸಮಾಸದ ಬಗ್ಗೆ ತಮ್ಮ ಅಭಿಪ್ರಾಯವೇನು ಎಂದು ಯಾರೋ ಕೇಳಿದ್ದಕ್ಕೆ ಹುಚ್ಚೀರಪ್ಪ ದೊಡ್ಡಪ್ಪ, "ನಾನು ಕಣ್ಣಾರೆ ಕಂಡಿಲ್ಲ. ನಮ್ಮ ಭಾಗದಲ್ಲಿ ಇದ್ದಂತಿಲ್ಲ. ಮಳೆಗಾಲದಲ್ಲಿ ಕಪ್ಪತಗುಡ್ಡದ ಕಡೆ ಹುಡುಕಿ ತಿಳಿಸುತ್ತೇನೆ" ಎಂದು ಬರೆದ. ಹದ್ದು ವರ್ಷಕ್ಕೆ ಎಷ್ಟು ಸಲ ಮೊಟ್ಟೆ ಇಡುತ್ತದೆ ಎಂದು ಬಂದ ಕಾಗದವನ್ನು ದ್ಯಾಮಪ್ಪ ದೊಡ್ಡಪ್ಪ ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟು ಮರಳಿ ಕಳಿಸಿದ.

ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಅಕ್ಷರ ದುಂಡಗೆ. ಹೀಗಾಗಿ ಇಬ್ಬರೂ ತಮ್ಮ ಬರವಣಿಗೆಯನ್ನು ಶುದ್ಧಪ್ರತಿ ಮಾಡಲು ನನಗೇ ತಂದುಕೊಡುತ್ತಿದ್ದರು. ಒಬ್ಬ ಸೋಮವಾರ ಬರುತ್ತಿದ್ದ, ಒಬ್ಬ ಗುರುವಾರ. ದ್ಯಾಮಪ್ಪ ದೊಡ್ಡಪ್ಪನ ಶಬ್ದಗಳು ಸಣ್ಣ ಚೀಟಿಗಳಲ್ಲಿ, ಜೋಳದ ಚೀಲದಲ್ಲಿ ಬೇವಿನೆಲೆ ಹಾಕಿ ಬರುತ್ತಿದ್ದವು. ಹುಚ್ಚೀರಪ್ಪ ದೊಡ್ಡಪ್ಪನ ನೋಟುಬುಕ್ಕುಗಳ ಜೊತೆ ಒಮ್ಮೊಮ್ಮೆ ಜೀವಂತ ಏನಾದರೂ ಬರುತ್ತಿತ್ತು. ನಾನು ಬರೆಯುತ್ತ ಬರೆಯುತ್ತ ಕಿಟಕಿಯಾಚೆ ನೋಡುತ್ತ ಕೂತುಬಿಡುವವಳು. ಕೆಲಸ ಮೆಲ್ಲಗೆ ಸಾಗಿತು.

೧೯೫೬ ಬಂತು. ನವೆಂಬರ್ ಒಂದಕ್ಕೆ ಕನ್ನಡ ನಾಡೆಲ್ಲ ಒಂದಾಗುತ್ತದೆ ಎಂದು ಖಬರು ಪಕ್ಕಾ ಆದ ವಾರದಲ್ಲೇ ಒಂದು ಗುರುವಾರ ದ್ಯಾಮಪ್ಪ ದೊಡ್ಡಪ್ಪ ಹೇಳಿದ: "ಆವತ್ತಿಗೆ ನನ್ನ ಕೋಶದ ಮೊದಲ ಸಂಪುಟ ಬರಬೇಕು. ಜೀವಿಗಳ ಹೆಸರಿಂದು. ಆ ಇನ್ನೊಬ್ಬಾಂವ ಏನರೆ ಅಚ್ಚು ಹಾಕಸೂದರಾಗ." ಮುಂದಿನ ಸೋಮವಾರ ಹುಚ್ಚೀರಪ್ಪ ದೊಡ್ಡಪ್ಪ ಬಂದು ಅದನ್ನೇ ಹೇಳಿದ. ಬರೀ 'ಕೋಶ' ಅನ್ನುವ ಕಡೆ 'ಜೀವಿಗಳ ವರ್ಣನೆ' ಅಂದ, ಅಷ್ಟೇ ಫರಕು.

ಅಮ್ಮ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಅವನು ಹೋದ ಮೇಲೆ, "ಕಸ್ತೂರಿ, ನನಗ ಎಪ್ಪತ್ತಮೂರು" ಎಂದಳು.

"ಗೊತ್ತೈತಿ ಅಮ್ಮ."

"ಗಂಗಾಳ ಇನ್ನೂ ಬರಿದ ಐತಿ."

ನಾನು ದ್ಯಾಮಪ್ಪ ದೊಡ್ಡಪ್ಪನ ಮೊದಲ ಹಾಳೆಗಳನ್ನು ತೆಗೆದುಕೊಂಡು ಫಕ್ಕೀರಪ್ಪನ ಛಾಪಖಾನೆಗೆ ಹೋದೆ. ಬೆಟಗೇರಿಯ ನೇಕಾರರ ಓಣಿಯ ತುದಿಗೆ, ಕಾಲಿನಿಂದ ತುಳಿಯುವ ಒಂದು ಯಂತ್ರ, ಒಂದು ಕಪಾಟು ಅಕ್ಷರದ ಮೊಳೆ. ಲಗ್ನಪತ್ರ, ನಾಟಕದ ಹಸ್ತಪತ್ರ ಅವನ ಕೆಲಸ. ಅವನು ಹಾಳೆಯನ್ನು ಮೂಗಿಗೆ ಹಿಡಿದು ಓದಿದ.

"ಗಿಜಗ, ಒಂದು ಬಗೆಯ ಹಕ್ಕಿ. ಗೊರವಂಕ, ಒಂದು ಬಗೆಯ ಹಕ್ಕಿ. ಕವುಜಗ, ಒಂದು ಬಗೆಯ ಹಕ್ಕಿ... ಏನವ್ವಾ ಇದು? ಎಷ್ಟು ಅದಾವ ಇಂಥವು?"

"ಹಕ್ಕಿ ಇನ್ನೂರಾ ಹದಿನಾಲ್ಕು. ಒಂದು ಬಗೆಯ ಹುಳು ತೊಂಬತ್ತೇಳು. ಗಿಡ ನಾ ಎಣಿಸಿಲ್ಲ."

ಫಕ್ಕೀರಪ್ಪ ಕಪಾಟಿನ ಒಂದು ಖಾನೆ ಎಳೆದು ತೋರಿಸಿದ. ತಳದಲ್ಲಿ ಹತ್ತು ಹನ್ನೆರಡು ಮೊಳೆ ಬಿದ್ದಿದ್ದವು. "ಇಷ್ಟ ನೋಡು ನನ್ನ ಹಂತ್ಯಾಕ 'ಬ' ಇರೋದು. ಒಂದು ಪುಟಕ್ಕ ಇಪ್ಪತ್ತು 'ಬಗೆ' ಕೇಳಿದ್ರ ಎಲ್ಲಿಂದ ತರಲಿ? ಲಗ್ನಪತ್ರದಾಗ ಬಂಧು ಬಳಗ ಅನ್ನೂ ಹಂಗಿಲ್ಲ. 'ಬ' ಕಡಿಮಿ ಮಾಡ್ಕೊಂಡು ಬಾ, ಅಚ್ಚು ಹಾಕ್ತೀನಿ."

ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ಇನ್ನೂರಾ ಹದಿನಾಲ್ಕು ಹಕ್ಕಿಗಳು ಕಣ್ಣುಮೂಗಿಲ್ಲದೆ, ಎಲ್ಲ ಒಂದೇ ಬಗೆಯಾಗಿ, ಒಂದೇ ಟೊಂಗೆಯ ಮೇಲೆ ಸಾಲಾಗಿ ಕೂತು ನನ್ನನ್ನೇ ನೋಡಿದಂತೆ ಅನಿಸಿತು. ಮನೆಗೆ ಬಂದರೆ ಮಣೆಯ ಮೇಲೆ ಹುಚ್ಚೀರಪ್ಪ ದೊಡ್ಡಪ್ಪನ ನೋಟುಬುಕ್ಕು ತೆರೆದೇ ಇತ್ತು. "ಕೊರ್ಲಹಳ್ಳಿ, ಹೊಳೆದಂಡೆ. ಮರಳಿನಲ್ಲಿ ಮೊಟ್ಟೆ. ಯಾರಾದರೂ ಹತ್ತಿರ ಬಂದರೆ ರೆಕ್ಕೆ ಮುರಿದಂತೆ ಕುಂಟುತ್ತ ಅವರನ್ನು ದೂರ ಕರೆದೊಯ್ದು, ಆಮೇಲೆ ಹಾರಿಬಿಡುತ್ತದೆ. ಹೆಸರು ತಿಳಿಯದು." ಅವನ ಬುಕ್ಕಿನ ತುಂಬ 'ಹೆಸರು ತಿಳಿಯದು.' ಯಾರನ್ನಾದರೂ ಕೇಳಬಾರದೇ ಎಂದು ಒಮ್ಮೆ ಅಂದಿದ್ದೆ. "ಕೇಳಿದ್ರ ಮಂದಿ ಮಾತಾಡ್ತಾರ. ಮಾತಾಡಿದ್ರ ಹಕ್ಕಿ ಹಾರತಾವ" ಎಂದಿದ್ದ. ದ್ಯಾಮಪ್ಪ ದೊಡ್ಡಪ್ಪನೋ, ಸಂತೆಕಟ್ಟೆಯ ಮೇಲೆ ಛತ್ರಿ ಬಿಚ್ಚಿ ಕೂತು ಮಂದಿಯನ್ನು ಕೇಳಿಯೇ ಕೇಳುತ್ತಿದ್ದ. ಹಕ್ಕಿಯನ್ನು ಮಾತ್ರ ಒಂದು ಸಲವೂ ತಲೆಯೆತ್ತಿ ನೋಡಿದವನಲ್ಲ.

ನಾನು ಜೋಳದ ಚೀಲಕ್ಕೆ ಕೈ ಹಾಕಿ ಕೊರ್ಲಹಳ್ಳಿಯ ಚೀಟಿಗಳನ್ನು ಹುಡುಕಿದೆ. ಸಿಕ್ಕಿತು. "ಮಳ್ಳಹಕ್ಕಿ. ಹೇಳಿದವನು: ಅಂಬಿಗರ ಹೊಳೆಯಪ್ಪ, ಕೊರ್ಲಹಳ್ಳಿ. ಒಂದು ಬಗೆಯ ಹಕ್ಕಿ."

"ಅಮ್ಮ, ಕುಂಟಿದಂಗ ಮಾಡಿ ಮೋಸ ಮಾಡೂ ಹಕ್ಕಿಗೆ ಏನಂತಾರ?"

"ಮಳ್ಳಹಕ್ಕಿ ಅಂತಾರ. ನನ್ನ ತವರಮನಿ ಹೊಳಿದಂಡಿ ಅಲ್ಲೇನು? ಯಾಕ?"

ಪೆನ್ನು ಎತ್ತಿಕೊಂಡು 'ಒಂದು ಬಗೆಯ ಹಕ್ಕಿ' ಎಂಬುದರ ಮೇಲೆ ಗೀಟು ಎಳೆದೆ. ಮುಂದೆ ಹುಚ್ಚೀರಪ್ಪ ದೊಡ್ಡಪ್ಪನ ನಾಲ್ಕು ಸಾಲು ಬರೆದೆ. ಆ ಹಕ್ಕಿ ಟೊಂಗೆಯಿಂದ ಜಿಗಿದು ಕುಂಟುತ್ತ ಹಾಳೆಯ ಮೇಲೆ ಓಡಿದ್ದನ್ನು ನಾನು ಕಂಡೆ.

ಅಮ್ಮನಿಗೆ ಹೇಳಲೇಬೇಕಾಯಿತು, ಏಕೆಂದರೆ ಎಲ್ಲ ಹೆಸರಿಗೂ ಚೀಟಿಯಲ್ಲಿ ಊರು ಸಿಗುತ್ತಿರಲಿಲ್ಲ. ನಾನು ವರ್ಣನೆ ಓದುವುದು, ಅವಳು ಬತ್ತಿ ಹೊಸೆಯುತ್ತ ಹೆಸರು ಹೇಳುವುದು, ನಾನು ಚೀಲದಲ್ಲಿ ಆ ಚೀಟಿ ಹುಡುಕುವುದು. ಶ್ರಾವಣ, ಭಾದ್ರಪದ ಹೀಗೆ ಕಳೆದವು. "ಇಬ್ಬರಿಗೂ ಗೊತ್ತಾದ್ರ?" ಎಂದು ನಾನು ಹೆದರಿದರೆ, "ಗೊತ್ತಾಗೂದರಾಗ ಗಂಗಾಳದಾಗ ಕೈ ಇಟ್ಟಿರಬೇಕು ಅಷ್ಟ. ಮುಂದಿಂದು ಓದು" ಅನ್ನುತ್ತಿದ್ದಳು.

ಮೊದಲ ಕರಡು ಅಚ್ಚಾಗಿ ಬಂತು. ತೋರಿಸದೆ ಗತಿಯಿರಲಿಲ್ಲ. ಗುರುವಾರ ದ್ಯಾಮಪ್ಪ ದೊಡ್ಡಪ್ಪ ಭೂತಗನ್ನಡಿ ಹಿಡಿದು ಓದಿದ:

"ಗಿಜಗ. ಗುಬ್ಬಿಯಷ್ಟು ಗಾತ್ರ. ಬಾವಿಯ ಮೇಲೆ ಬಾಗಿದ ಜಾಲಿಯ ಟೊಂಗೆಗೆ ಹುಲ್ಲಿನ ಚೀಲದಂಥ ಗೂಡು ನೇಯುತ್ತದೆ. ನೇಯುವುದು ಗಂಡು. ಅರ್ಧ ನೇಯ್ದ ಮೇಲೆ ಹೆಣ್ಣು ಬಂದು ನೋಡಿ, ಮನಸ್ಸಿಗೆ ಬಂದರೆ ಇರುತ್ತದೆ, ಇಲ್ಲದಿದ್ದರೆ ಹಾರಿಹೋಗುತ್ತದೆ."

ಭೂತಗನ್ನಡಿ ಕೆಳಗಿಟ್ಟ. "ಇದು ನಂದೇನು?"

"ಗಿಜಗ ನಿಮ್ಮ ಚೀಟಿಯೊಳಗಿಂದ ತಗದದ್ದು, ದೊಡ್ಡಪ್ಪ," ಎಂದೆ. ಅದು ಸುಳ್ಳೇನಲ್ಲ.

"ಹ್ಞಾಂ." ಇನ್ನೊಮ್ಮೆ ಓದಿದ. ಮುಖ ಅರಳಿತ್ತು. "ಚೊಲೋ ಬರದೇನಿ ಅಲ್ಲ?"

ಸೋಮವಾರ ಹುಚ್ಚೀರಪ್ಪ ದೊಡ್ಡಪ್ಪನ ಸರದಿ. ಅವನು ಮಳ್ಳಹಕ್ಕಿಯ ಮೇಲೆ ಬೆರಳಿಟ್ಟು ನಿಂತುಬಿಟ್ಟ.

"ಮಳ್ಳಹಕ್ಕಿ," ಎಂದ ಮೆಲ್ಲಗೆ. ಮತ್ತೆ ಅಂದ. ಏಳು ವರ್ಷ ಹೆಸರಿಲ್ಲದೆ ಬುಕ್ಕಿನಲ್ಲಿ ಕೂತಿದ್ದ ಹಕ್ಕಿಯನ್ನು ಕರೆದು ನೋಡುವಂತೆ. ಆಮೇಲೆ ಗಂಟಲು ಸರಿಮಾಡಿಕೊಂಡ. "ಗೊತ್ತಿತ್ತು ನನಗ. ಬಾಯಾಗ ಬಂದಿರಲಿಲ್ಲ ಅಷ್ಟ."

ಇಬ್ಬರೂ ತಮ್ಮದೆಂದುಕೊಂಡೇ ಇಡೀ ಪುಸ್ತಕ ತಿದ್ದಿಕೊಟ್ಟರು. ಉಳಿದದ್ದು ರಕ್ಷಾಪುಟ. ಫಕ್ಕೀರಪ್ಪ ಕೇಳಿದ: "'ನಾಡ ಜೀವಿಗಳ ಕೋಶ', ಆತು. ಕೆಳಗ ಯಾರ ಹೆಸರು ಹಾಕಲಿ? ಇಬ್ಬರ ಕಾಗದನೂ ಬಂದಾವ. 'ನನ್ನ ಹೆಸರು ದೊಡ್ಡ ಅಕ್ಷರದಾಗ' ಅಂತ ಇಬ್ಬರೂ ಬರದಾರ."

"ದೊಡ್ಡ ಅಕ್ಷರದಾಗನ ಹಾಕ್ರಿ," ಎಂದೆ. "ಬರೀ ಗುಗ್ಗರಿ ಅಂತ."

"ಮುಂದ ಹಿಂದ ಏನೂ ಬ್ಯಾಡೇನು?"

"ಮುಂದ ಹಿಂದ ಅನ್ನೂದನ್ನ ನಮ್ಮ ಮನ್ಯಾಗ ಎತ್ತಬ್ಯಾಡ್ರಿ."

ಅದೇ ವಾರ, ಪುಸ್ತಕ ಮುಚ್ಚಿಕೊಂಡು ಹೋಗಿದ್ದ ಹುಲಗಪ್ಪನ ಎತ್ತಿನ ಗಂಟೆ ಹನ್ನೊಂದು ವರ್ಷದ ಮೇಲೆ ಕೇಳಿಸಿತು. ಮುದುಕನಾಗಿದ್ದ, ಎತ್ತು ಬೇರೆಯದಾಗಿತ್ತು, ಪುಸ್ತಕದ ಗಂಟು ಅದೇ ಕೆಂಪು ಬಟ್ಟೆಯಲ್ಲಿತ್ತು. "ಇನ್ನ ಮುಂದ ಇಷ್ಟು ದೂರ ಬರೂದು ಆಗೂದಿಲ್ಲವ್ವ. ಈ ಸಲ ನಿಮ್ಮ ಗಂಟು ಬಿಚ್ಚಿದ್ರ ಬಿಚ್ಚಿದಂಗ" ಎಂದ. ಅಮ್ಮ ಅವನನ್ನು ಹಿತ್ತಲಿನಲ್ಲಿ ಕೂಡಿಸಿ ರೊಟ್ಟಿ ಕೊಟ್ಟು, ನನಗೆ ಎರಡು ಕಾರ್ಡು ತರಲು ಹೇಳಿದಳು. ಎರಡರಲ್ಲೂ ಒಂದೇ ಒಕ್ಕಣೆ: "ಹೆಳವ ಬಂದಿದ್ದಾನೆ. ನವೆಂಬರ್ ಒಂದಕ್ಕೆ ಪುಸ್ತಕವೂ ಬರುತ್ತದೆ. ಮನೆತನದ ಹಿರಿಯ ಬಂದು ಗುಗ್ಗರಿ ಮುಟ್ಟಬೇಕು. ಅನ್ನಪೂರ್ಣವ್ವ."

"ಅಮ್ಮ, ಟಪ್ಪಾಲಿನಾಗ ಅದಲು ಬದಲು ಆದ್ರ?"

"ಆಗಲಿ ಬಿಡು. ಎರಡೂ ಒಂದ ಅಲ್ಲ?"

ನವೆಂಬರ್ ಒಂದರ ಬೆಳಿಗ್ಗೆ ಗದಗದಲ್ಲಿ ಓಣಿ ಓಣಿಗೆ ತಳಿರು. ಮೆರವಣಿಗೆಯ ಡೊಳ್ಳು ನಮ್ಮ ಪಡಸಾಲೆಯ ಗಡಿಗೆಗಳನ್ನು ನಡುಗಿಸುತ್ತಿತ್ತು. ಅಮ್ಮ ನಸುಕಿನಲ್ಲೇ ಎದ್ದು, ಕಣ್ಣು ಕಾಣದಿದ್ದರೂ ಕೈಯಳತೆಯಲ್ಲೇ ಜೋಳ, ಕಡಲೆ, ಮಡಕಿಕಾಳು ಕೂಡಿಸಿ ಕುದಿಸಿದ್ದಳು. ಕಂಬಳಿ ಹಾಸಿತ್ತು. ದೊಡ್ಡ ಹಿತ್ತಾಳೆ ಗಂಗಾಳದಲ್ಲಿ ಗುಗ್ಗರಿ ಹೊಗೆಯಾಡುತ್ತಿತ್ತು. ಮುಂದೆ ಹುಲಗಪ್ಪ, ಗಂಟು ತೊಡೆಯ ಮೇಲೆ.

ಮೊದಲು ದ್ಯಾಮಪ್ಪ ದೊಡ್ಡಪ್ಪ ಬಂದ, ಜರಿ ರುಮಾಲು, ಕರೀ ಛತ್ರಿ. ಕಂಬಳಿಯ ನಟ್ಟನಡುವೆ ಕೂತ. ಕಾಲು ಗಂಟೆಯಲ್ಲಿ ಹುಚ್ಚೀರಪ್ಪ ದೊಡ್ಡಪ್ಪ ಒಳಗೆ ಕಾಲಿಟ್ಟ. ಅವನಿಗೂ ಜರಿ ರುಮಾಲು, ಅದರಲ್ಲಿ ಎರಡು ಉತ್ತರಾಣಿ ಕಡ್ಡಿ ಸಿಕ್ಕಿಕೊಂಡಿದ್ದವು.

"ಇಂವ ಯಾಕ ಬಂದಾನ?" ಇಬ್ಬರೂ ಒಮ್ಮೆಲೇ ಅಮ್ಮನನ್ನು ಕೇಳಿದರು.

"ಹಿರ್ಯಾನ್ನ ಕರದಿದ್ದೆ. ಬಂದಾನ," ಎಂದಳು ಅಮ್ಮ. "ಕುಂಡ್ರು."

"ಯಾರಿಗೆ ಅಂದಿ, ದೊಡ್ಡವ್ವ?" ಎಂದ ದ್ಯಾಮಪ್ಪ ದೊಡ್ಡಪ್ಪ.

"ನಿಂತಾವಗ. ಕುಂತಾವ ಕುಂತ ಅದಾನಲ್ಲ."

ಹುಚ್ಚೀರಪ್ಪ ದೊಡ್ಡಪ್ಪ ಕಂಬಳಿಯ ಅಂಚಿನಲ್ಲಿ ಅರ್ಧ ತೊಡೆ ಊರಿದ, ಯಾವ ಗಳಿಗೆಯಲ್ಲಾದರೂ ಹಾರುವ ಹಾಗೆ. ಅಷ್ಟರಲ್ಲಿ ಫಕ್ಕೀರಪ್ಪ ಶಾಯಿ ಆರದ ಎರಡು ಪ್ರತಿ ಹಿಡಿದು ಓಡುತ್ತ ಬಂದ. ಅವನು ಬಾಗಿಲಲ್ಲಿರುವಾಗಲೇ ಎರಡು ಕೈ ಅವನತ್ತ ಚಾಚಿಕೊಂಡವು.

"ತಾ ಇಲ್ಲಿ, ನನ್ನ ಪುಸ್ತಕ."

"ಯಾರ ಪುಸ್ತಕ?"

"ಓದಾಕ ಬರತೈತಿಲ್ಲೋ? ಗುಗ್ಗರಿ ಅಂತ ಬರದೈತಿ."

"ಮತ್ತ ನಾ ಏನು? ಉಪ್ಪಿಟ್ಟೇನು?"

ದ್ಯಾಮಪ್ಪ ದೊಡ್ಡಪ್ಪ ಪಟಪಟ ಹಾಳೆ ತಿರುವಿದ. "ಇಲ್ಲಿ ನೋಡು. ಮಳ್ಳಹಕ್ಕಿ. ಈ ಶಬ್ದ ನಾ ಕೊರ್ಲಹಳ್ಳಿ ಹೊಳಿದಂಡಿಯೊಳಗ, ಅಂಬಿಗರ ಹೊಳೆಯಪ್ಪನ ಬಾಯಾಗಿಂದ ಕೇಳೇನಿ. ನಲವತ್ತೊಂಬತ್ತರ ಬ್ಯಾಸಗಿ."

"ಆ ಹಕ್ಕಿ ನೋಡಾಕ ಅದ ಬ್ಯಾಸಗಿ ಅದ ಮರಳಾಗ ಮೂರು ದಿನ ಹೊಟ್ಟಿ ಮ್ಯಾಲ ಬಿದ್ದಾಂವ ನಾನು! ಮೂರನೇ ದಿನ ತತ್ತಿ ಒಡ್ಯೂ ಹೊತ್ತಿಗೆ ಯಾವನೋ ಕರೀ ಛತ್ರಿಯಾಂವ ಬಂದು ಅಂಬಿಗನ ಕೂಡ ಹೋ ಅಂತ ಒದರಿ ನನ್ನ ಹಕ್ಕಿ ಓಡಿಸಿಬಿಟ್ಟ." ಹುಚ್ಚೀರಪ್ಪ ದೊಡ್ಡಪ್ಪ ತಟ್ಟನೆ ಮಾತು ತಡೆದ. ಬಾಗಿಲ ಬಳಿ ಒರಗಿಸಿಟ್ಟಿದ್ದ ಛತ್ರಿಯನ್ನು ನೋಡಿದ. "ನೀನ?"

"ಮರಳಾಗ ಸತ್ತಂಗ ಬಿದ್ದಾಂವ ನೀನ? ನಾ ಹೆಣ ಅಂತ ತಿಳದು ಒದರಿದ್ದೆ!"

ಇಬ್ಬರೂ ಮತ್ತೆ ಪುಸ್ತಕಕ್ಕೆ ಬಗ್ಗಿದರು. ಹಾಳೆ ತಿರುವಿದರು. ಹೆಸರು ಒಬ್ಬನದು, ಸಾಲು ಇನ್ನೊಬ್ಬನದು. ಪುಟ ಪುಟಕ್ಕೂ ಹಾಗೇ. ಮೆಲ್ಲಗೆ ಇಬ್ಬರ ತಲೆಯೂ ನನ್ನ ಕಡೆ ತಿರುಗಿತು. ನನಗೆ ನೆಲ ಬಾಯಿಬಿಟ್ಟರೆ ಚೆನ್ನಿತ್ತು.

"ಅಕಿನ್ನ ಏನ್ ನೋಡ್ತೀರಿ? ನಾ ಹೇಳೇನಿ, ಅಕಿ ಬರದಾಳ," ಎಂದಳು ಅಮ್ಮ. "ಮಂದಿ ಮುಂಬಯಿ, ಮೈಸೂರು, ಹೈದರಾಬಾದು ಬಿಟ್ಟು ಒಂದಾಗಿ ಹೊರಗ ಡೊಳ್ಳು ಬಡ್ಯಾಕತ್ತಾರ. ನಿಮಗ ಒಂದು ಕಂಬಳಿ ಸಾಲೂದಿಲ್ಲ."

"ಅದು ಬ್ಯಾರೆ ಮಾತು, ದೊಡ್ಡವ್ವ," ಎಂದ ದ್ಯಾಮಪ್ಪ ದೊಡ್ಡಪ್ಪ. "ಪುಸ್ತಕ ಕೂಡೀತು, ಒಪ್ಪೇನಿ. ಹಿರೇತನ ಕೂಡೂದಿಲ್ಲ. ಹುಲಗಪ್ಪಾ, ಪ್ಲೇಗಿನ ಸಾಲು ಬಾಯಿಲೆ ಹೇಳು. ಗಂಟು ಬಿಚ್ಚಬ್ಯಾಡ."

ಹುಲಗಪ್ಪ ಅಮ್ಮನ ಕಡೆ ನೋಡಿದ. ಅಮ್ಮನಿಗೆ ಅವನು ನೋಡಿದ್ದು ಕಾಣಲಿಲ್ಲ, ಆದರೆ ಗೊತ್ತಾಯಿತು. "ಹೇಳಪಾ," ಎಂದಳು. "ಪೂರಾ ಹೇಳು. ಆವತ್ತ ಅರ್ಧಕ್ಕ ನಿಂತಿತ್ತು."

"ಪ್ಲೇಗಿನ ಸಾಲಿನಾಗ ಎರಡು ಗಂಡು," ಎಂದು ಹುಲಗಪ್ಪ ರಾಗ ಎತ್ತಿದ. "ದ್ಯಾಮಪ್ಪ, ಆತನ ಹಿಂದ ಹುಚ್ಚೀರಪ್ಪ. ಮಂದಿ ಊರು ಬಿಟ್ಟು ಹೊಲದಾಗಿತ್ತು. ಗಂಡಸರು ಯಾರೂ ಸಿಗಲಿಲ್ಲ. ಹೆಸರು ಹೇಳಿದಾಕಿ ಹಿರೇ ಮನಿ ಹೊಸಾ ಸೊಸಿ, ಅನ್ನಪೂರ್ಣವ್ವ."

ಡೊಳ್ಳು ಓಣಿ ದಾಟಿ ಹೋಗಿತ್ತು. ಗಂಗಾಳದಿಂದ ಹೊಗೆ ಏಳುವುದಷ್ಟೇ ಕಾಣುತ್ತಿತ್ತು.

"ಹದಿನಾರು ವರ್ಷದಾಕಿ ನಾನು," ಎಂದಳು ಅಮ್ಮ. "ಈತನ ಅಪ್ಪ ಹೆಳವಾ ಅಂದ್ರ ನನಗ ಅಂಜಿಕಿ. ಎಷ್ಟು ಕೂಸು ಹುಟ್ಯಾವ ಅಂತ ಕೇಳಿದ. ಎರಡು ಹೊಲದಾಗ ಎರಡು ಗುಡಸಲ. ನಾ ನೀರಿಗೆ ಹೋಗಿದ್ದೆ. ಬಾವಿ ಹತ್ತಿರದ ಗುಡಸಲದಾಗಿಂದ ಅಳೂದು ಕೇಳಿಸ್ತು, ಇಣುಕಿ ನೋಡಿದೆ, ದ್ಯಾಮಪ್ಪ. ಕೊಡ ತುಂಬಕೊಂಡು ಆಚಿ ಹೊಲಕ್ಕ ಹೋದೆ, ಅಲ್ಲಿ ಹುಚ್ಚೀರಪ್ಪ. ಕಂಡ ಹಂಗ ಹೇಳಿದೆ, ಬರಕೊಂಡ."

"ಅಂದ್ರ," ಹುಚ್ಚೀರಪ್ಪ ದೊಡ್ಡಪ್ಪ ಅಮ್ಮನ ಕಡೆ ಬಗ್ಗಿದ, "ಮೊದಲ ಹುಟ್ಟಿದ್ದು ಯಾರು?"

"ಯಾರಿಗೊತ್ತಪಾ? ನನ್ನ ಕೊಡ ಭಾರ ಇತ್ತು."

"ಹನ್ನೊಂದು ವರ್ಷ!" ಎಂದ ದ್ಯಾಮಪ್ಪ ದೊಡ್ಡಪ್ಪ. "ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡು ಕುಂತಿಯಲ್ಲ, ದೊಡ್ಡವ್ವ!"

"ಆವತ್ತ ನಗು ಬಂತು, ಹೇಳಾಕ ಆಗಲಿಲ್ಲ. ಮರುದಿನ ಅಂಜಿಕಿ ಬಂತು. ಆಮ್ಯಾಲ ಕತಿ ಕಟ್ಟಿದೆ."

"ಕತಿಯಂತ ಕತಿ!" ಹುಚ್ಚೀರಪ್ಪ ದೊಡ್ಡಪ್ಪ ಕಂಬಳಿಯ ಮೇಲೆ ಪೂರ್ತಿ ಸರಿದು ಕೂತು ದ್ಯಾಮಪ್ಪ ದೊಡ್ಡಪ್ಪನ ಭುಜ ತಟ್ಟಿದ. "ಕೇಳಿದೇನು? ಬಾವಿ ಹತ್ತರ ಇತ್ತಂತ! ಬಾವಿ ಆಚಿ ಹೊಲದಾಗ ಇದ್ದಿದ್ರ?"

"ಇಕಿ ಮುಪ್ಪಿನಾಗ ಹಿಂಗ, ಹದಿನಾರಕ್ಕ ಹೆಂಗಿದ್ದಿರಬೇಕು, ವಿಚಾರ ಮಾಡು!"

ಇಬ್ಬರೂ ಸೇರಿ ಅಮ್ಮನನ್ನು ಬಯ್ಯತೊಡಗಿದರು. ಒಬ್ಬ ನಿಲ್ಲಿಸಿದಲ್ಲಿ ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ. ಅಮ್ಮ ತಲೆಬಾಗಿ, ಭಕ್ತಿಯಿಂದ ಕೇಳಿಸಿಕೊಳ್ಳುತ್ತ, ಮೊಣಕೈಯಿಂದ ಗಂಗಾಳವನ್ನು ಒಂದೊಂದೇ ಅಂಗುಲ ಅವರ ಮುಂದಕ್ಕೆ ತಳ್ಳುತ್ತಿದ್ದಳು. ಬಯ್ದು ಬಯ್ದು ದ್ಯಾಮಪ್ಪ ದೊಡ್ಡಪ್ಪನ ಬಾಯಿ ಒಣಗಿತು. ಕೈ ತಾನಾಗಿ ಗುಗ್ಗರಿಗೆ ಹೋಯಿತು. ಒಂದು ಹಿಡಿ ಎತ್ತಿದವನು ತಡೆದು ಬೆರಳ ತುದಿಯ ಕಾಳನ್ನು ಬೆಳಕಿಗೆ ಹಿಡಿದ.

"ಜ್ವಾಳ ಸರಿ ಹಸನ ಮಾಡಿಲ್ಲ. ನುಸಿ ಐತಿ."

"ಎಲ್ಲಿ?" ಹುಚ್ಚೀರಪ್ಪ ದೊಡ್ಡಪ್ಪ ಮುಖ ತಂದ. "ಯಾವ ನುಸಿ?"

"ಯಾವ ಅಂದ್ರ? ನುಸಿ. ಒಂದು ಬಗೆಯ ಹುಳು."

"ಒಂದು ಬಗಿಯಂತ! ಲೇ, ಆನಿ ಹಂಗ ಸೊಂಡಿ ಇದ್ದದ್ದು ಬ್ಯಾರೆ, ಸೊಂಡಿ ಇಲ್ಲದ್ದು ಬ್ಯಾರೆ. ತಡಿ, ಇದರಾಗ ಇನ್ನೊಂದು ಇರಬೇಕು, ತೋರಸ್ತೀನಿ." ಅವನ ಕೈ ಗಂಗಾಳದಲ್ಲಿ ಮುಳುಗಿತು. ಕಾಳು ಎತ್ತಿ ನೋಡಿದ, ಇಲ್ಲ, ಬಾಯಿಗೆ ಹಾಕಿಕೊಂಡ. ಮತ್ತೆ ಎತ್ತಿದ.

"ಸೊಂಡಿ ಇಲ್ಲದ್ದಕ್ಕ ಶಿರಹಟ್ಟಿ ಸಂತ್ಯಾಗ ಬ್ಯಾರೆ ಹೆಸರು ಹೇಳ್ತಾರಲೇ. ಚೀಟಿ ಐತಿ ನನ್ನ ಹಂತ್ಯಾಕ," ಎಂದು ದ್ಯಾಮಪ್ಪ ದೊಡ್ಡಪ್ಪ ಬಾಯಿ ತುಂಬಿಕೊಂಡೇ ಹೇಳಿದ. "ಸರಿ ಆ ಕಡೆ. ನಿನ್ನ ಕೈ ಅಡ್ಡ ಬರಾಕತ್ತೈತಿ."

ಹುಲಗಪ್ಪ ಸದ್ದಿಲ್ಲದೆ ಕೆಂಪು ಬಟ್ಟೆಯ ಗಂಟು ಬಿಚ್ಚತೊಡಗಿದ. ಅಮ್ಮ ನನ್ನ ಸೆರಗು ಜಗ್ಗಿದಳು. ಅವಳ ಪೊರೆ ಬಂದ ಕಣ್ಣು ಗಂಗಾಳದ ಕಡೆಗೇ ಇತ್ತು.

"ಕಸ್ತೂರಿ," ಎಂದಳು ಕಿವಿಯಲ್ಲಿ, "ತಿಂದ್ರೇನು?"

ಗಂಗಾಳದ ತಳ ಕಾಣುವ ತನಕ ನಾನು ಬಾಯಿ ಬಿಡಲಿಲ್ಲ. ಕೊನೆಯ ನಾಲ್ಕು ಕಾಳಿಗೆ ಎರಡು ಕೈ ಒಮ್ಮೆಲೇ ಬಂದು, ಒಂದಕ್ಕೊಂದು ತಾಗಿ, ಎರಡೆರಡು ಎತ್ತಿಕೊಂಡವು.

"ತಿಂದ್ರು, ಅಮ್ಮ."